ಕುರಿ ಕೆಮ್ಮಿಗೆ ಮೂರು ಇಂಜೆಕ್ಷನ್: ನನ್ನ ಓಟು ಕಂದು ಬಾಟಲಿಗೆ

ಹೋದ ಮಳೆಗಾಲದಲ್ಲಿ ಸಂತೆಯಿಂದ 14 ಕುರಿ ತಂದೆ. ಟೆಂಪೋದಲ್ಲಿ ನೆನೆದುಕೊಂಡೇ ಬಂದವು. ನಾಲ್ಕನೇ ದಿನಕ್ಕೆ ಕೆಮ್ಮು, ಗಟ್ಟಿ ಸಿಂಬಳ, ಜ್ವರ 106. ಕುರಿಗೆ 103ರ ತನಕ ಮಾಮೂಲಿ. ಡಾಕ್ಟರು ನ್ಯುಮೋನಿಯಾ ಅಂದರು. ಪಾಶ್ಚುರೆಲ್ಲಾ ತರಹದ ಬ್ಯಾಕ್ಟೀರಿಯಾ ಚೆನ್ನಾಗಿರೋ ಕುರಿಯ ಮೂಗಲ್ಲೂ ಇರುತ್ತದಂತೆ. ದಾರಿಯಲ್ಲಿ ಸುಸ್ತಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ಸೀಸನ್ನಲ್ಲಿ ಅವರು ಬರೆದುಕೊಟ್ಟ ಮೂರು ಆ್ಯಂಟಿಬಯಾಟಿಕ್ಕೂ ಬಳಸಿ ನೋಡಿದ್ದಾಯಿತು.

ನನಗೆ ಇಷ್ಟವಾದದ್ದು ಕಂದು ಬಾಟಲಿಯಲ್ಲಿ ಬರೋ ಲಾಂಗ್ ಆಕ್ಟಿಂಗ್ ಆಕ್ಸಿಟೆಟ್ರಾಸೈಕ್ಲಿನ್. 10 ಕೆಜಿಗೆ 1 ಮಿಲಿ, ಕತ್ತಿನ ಮಾಂಸಖಂಡಕ್ಕೆ ಆಳವಾಗಿ. ಒಂದು ಸಲ ಕೊಟ್ಟರೆ ಮೂರು ದಿನ ಕೆಲಸ ಮಾಡುತ್ತದೆ. ಬೆಳಿಗ್ಗೆ ಮೇಯಲು ಹೋದ ಮಂದೆ ಸಂಜೆಗೇ ಬರೋದು, ಹಾಗಾಗಿ ನನಗೆ ಇದೇ ಸರಿ. ರೇಟೂ ಕಮ್ಮಿ. ಉರಿ ಮಾತ್ರ ಜಾಸ್ತಿ. ಚುಚ್ಚಿದ ಜಾಗ ಊದಿಕೊಂಡು ಎರಡು ದಿನ ಕತ್ತು ತಿರುಗಿಸೋಲ್ಲ.

ಎನ್ರೋಫ್ಲಾಕ್ಸಾಸಿನ್ ಕೊಟ್ಟವು ಮಾರನೇ ದಿನವೇ ಮೇವಿಗೆ ಬಾಯಿ ಹಾಕಿದವು, ಸುಳ್ಳು ಹೇಳಲ್ಲ. ಆದರೆ ದಿನಾ ಹಿಡಿಯಬೇಕು, ಮೂರರಿಂದ ಐದು ದಿನ. ಇದು ಮನುಷ್ಯರಿಗೆ ಕೊಡೋ ಸಿಪ್ರೋಫ್ಲಾಕ್ಸಾಸಿನ್‌ನ ಅಣ್ಣತಮ್ಮ, ಬೇಕಾಬಿಟ್ಟಿ ಬಳಸಿದರೆ ನಮಗೂ ನಾಟದೇ ಹೋದೀತು, ಮೊದಲೇ ಇದಕ್ಕೆ ಕೈ ಹಾಕಬೇಡ ಅಂತ ಡಾಕ್ಟರು ಗದರಿದ್ದರು.

ತಲೆ ತಿಂದಿದ್ದು ಸೆಫ್ಟಿಯೋಫರ್. ಪುಡಿ ಬಾಟಲಿ 1 ಗ್ರಾಮಿನದು, 20 ಮಿಲಿ ಇಂಜೆಕ್ಷನ್ ನೀರಲ್ಲಿ ಕಲಸಬೇಕು. 30 ಕೆಜಿ ಕುರಿಗೆ ಬೇಕಾಗಿದ್ದು ದಿನಕ್ಕೆ ಒಂದೂಕಾಲು ಮಿಲಿ ಚಿಲ್ಲರೆ. ಇದ್ದದ್ದು ಮೂರು ಕುರಿ. ಉಳಿದದ್ದನ್ನ ಏನು ಮಾಡೋದು? ಫ್ರಿಜ್ಜಲ್ಲಾದರೆ ಏಳು ದಿನ, ಹೊರಗೆ 12 ಗಂಟೆ ಅಷ್ಟೇ.

ಮೊಸರಿನ ಪಾತ್ರೆ ಪಕ್ಕ ಇಟ್ಟೆ. "ಕುರಿ ಔಷಧಿ ಇಲ್ಲಿಂದ ತೆಗೀರಿ" ಅಂತ ಮನೆಯವಳು. ಡಬ್ಬಿಯಲ್ಲಿ ಮುಚ್ಚಿಟ್ಟು ಸಮಾಧಾನ ಮಾಡಿದೆ. ಅದೇ ರಾತ್ರಿ ಗಾಳಿಮಳೆಗೆ ಕಂಬ ಬಿದ್ದು ಮಾರನೇ ಸಂಜೆವರೆಗೂ ಕರೆಂಟಿಲ್ಲ. ಮುಕ್ಕಾಲು ಬಾಟಲಿ ದಂಡ, ಮತ್ತೊಂದು ತಂದೆ. ಇಷ್ಟಾದರೂ ಕೆಮ್ಮಿಗೆ ಕಾರಣ ಮೈಕೋಪ್ಲಾಸ್ಮಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಆಗಿದ್ದರೆ ಸೆಫ್ಟಿಯೋಫರ್ ನಾಟೋದೇ ಇಲ್ಲ. ಆ ಜೀವಿಗೆ ಕೋಶದ ಗೋಡೆಯೇ ಇಲ್ಲ, ಈ ಔಷಧಿ ಒಡೆಯೋದು ಗೋಡೆಯನ್ನ. ಆಕ್ಸಿಟೆಟ್ರಾಸೈಕ್ಲಿನ್‌ಗೆ ಆ ತೊಡಕಿಲ್ಲ.

ಹಾಗಂತ ಕಂದು ಬಾಟಲಿ ಎಲ್ಲದಕ್ಕೂ ಆಗಲ್ಲ. ಅದರ ಮೇಲೆ ಚುಚ್ಚಿದ ಮೇಲೆ ಮಾಂಸಕ್ಕೆ ಕಡಿಯಲು 28 ದಿನ ಕಾಯಿರಿ ಅಂತಿದೆ. ಬಕ್ರೀದ್‌ಗೆ ಹದಿನೈದು ದಿನ ಇದ್ದಾಗ ಒಂದು ಟಗರು ಕೆಮ್ಮಿತು. ಸೆಫ್ಟಿಯೋಫರ್‌ಗೆ ಕಾಯೋ ದಿನ ಕಮ್ಮಿ, ಅದನ್ನೇ ಬರೆದುಕೊಟ್ಟರು. ಮತ್ತೆ ಅದೇ ಡಬ್ಬಿ, ಅದೇ ಮೊಸರಿನ ಪಕ್ಕ.