‘ಜೀರೊ ಟ್ರಸ್ಟ್ ಹಾಕಿಕೊಡ್ತೀವಿ’ ಅಂತ ಬರೋರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ದಾವಣಗೆರೆ, ಚನ್ನಗಿರಿ, ಭೀಮಸಮುದ್ರದ ಅಡಿಕೆ ಮಂಡಿಯವರು, ಚಳ್ಳಕೆರೆ ಎಣ್ಣೆ ಮಿಲ್‌ನವರು, ಆಫೀಸಿನ ಫೈಲುಗಳನ್ನ ಮೈಕ್ರೋಸಾಫ್ಟ್ 365ರಲ್ಲಿ ಇಟ್ಟಿರೋ ಯಾರೇ ಆಗಲಿ, ಓದಿ. ನಮ್ಮ ಮಂಡಿಗೆ ಬಿದ್ದ ನಾಮ 1 ಲಕ್ಷ 40 ಸಾವಿರ. ದುಡ್ಡು ಹೋಗಿದ್ದಕ್ಕಿಂತ ಹೊಟ್ಟೆ ಉರಿಸಿದ್ದು ಏನು ಅಂದ್ರೆ, ಅವರು ಬರೋಕೆ ಮುಂಚೆ ಇದ್ದ ಒಂದು ಬೀಗವನ್ನೂ ಬಿಚ್ಚಿಟ್ಟು ಹೋಗಿದ್ರು.

ಕಾಯಬೇಕಾಗಿದ್ದು ಮೂರೇ ಫೈಲು: ಪಾರ್ಟಿವಾರು ರೇಟ್ ಶೀಟು, ಉದ್ರಿ ಬಾಕಿ ಪಟ್ಟಿ, ರೈತರ ಬ್ಯಾಂಕ್ ಖಾತೆ ವಿವರ. 11 ಜನರ ಆಫೀಸು. ಆಫೀಸಿನ ವೈಫೈನಲ್ಲಿದಾನೆ, ನಮ್ಮವನೇ ಅಂತ ಒಳಗೆ ಬಿಡೋದಲ್ಲ, ಯಾರು, ಯಾವ ಲ್ಯಾಪ್‌ಟಾಪು, ಯಾವ ಫೈಲು ಅಂತ ಪ್ರತಿ ಸಲ ನೋಡೇ ಬಿಡಬೇಕು. ಜೀರೊ ಟ್ರಸ್ಟ್ ಅಂದ್ರೆ ಇಷ್ಟೇ, ಮಾತಾಗಿದ್ದೂ ಇಷ್ಟೇ. ಕೊಟೇಶನ್ ಮೇಲೆ ದಪ್ಪ ಅಕ್ಷರದಲ್ಲಿ ‘ನಿಸ್ಟ್ ಸರ್ಟಿಫೈಡ್’ ಅಂತಿತ್ತು. ಆಗಲೇ ಎದ್ದು ಬರಬೇಕಿತ್ತು! ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ ಜೀರೊ ಟ್ರಸ್ಟ್ ಬಗ್ಗೆ 2020ರ ಆಗಸ್ಟಿನಲ್ಲಿ ತಂದಿರೋ ಎಸ್‌ಪಿ 800-207 ಬರೀ ಮಾರ್ಗದರ್ಶಿ ದಾಖಲೆ. ಅದರ ಹೆಸರಲ್ಲಿ ಯಾರಿಗೂ ಸರ್ಟಿಫಿಕೇಟು ಸಿಗೋದಿಲ್ಲ.

ಅವರು ಹಾಕಿಕೊಟ್ಟು ಮೂರು ತಿಂಗಳಾದ ಮೇಲೆ, ಕೆಲಸ ಬಿಟ್ಟು ಹೋದ ಗುಮಾಸ್ತನೇ ಫೋನ್ ಮಾಡಿದ. “ಸಾವ್ಕಾರ್ರೇ, ರೇಟ್ ಶೀಟು ಇನ್ನೂ ನನ್ ಮೊಬೈಲ್‌ನಾಗೆ ತೆರೀತೈತೆ. ತೆಗೆಸ್ರಿ, ನಾಳೆ ನನ್ ತಲೆಗೆ ಬಂದೀತು.” ಬಿಟ್ಟು ಹೋದವನು ಹೇಳಬೇಕಾಯ್ತು. ಅವತ್ತು ಆದ ನಾಚಿಕೆ ಬರೆಯೋಕಾಗಲ್ಲ.

ಹಾಕಿಕೊಟ್ಟವರಿಗೆ ಕೇಳಿದ್ರೆ, “ಪಾಲಿಸಿ ಐತಲ್ಲ ಸರ್, ಆರು ಹಾಕೀವಿ, ಎಣಿಸಿ ನೋಡ್ರಿ.” ಎಣಿಸಿದ್ವಿ. ಆರು ಇದ್ವು. ಆರರ ಮುಂದೂ ‘ರಿಪೋರ್ಟ್-ಓನ್ಲಿ’ ಅಂತಿತ್ತು! ಎಂಟ್ರಾದಲ್ಲಿ (ಮೈಕ್ರೋಸಾಫ್ಟಿನ ಲಾಗಿನ್ ನೋಡಿಕೊಳ್ಳೋ ವ್ಯವಸ್ಥೆ) ಕಂಡೀಷನಲ್ ಆ್ಯಕ್ಸೆಸ್ ಪಾಲಿಸಿಗೆ, ಅಂದ್ರೆ ಯಾರನ್ನ ಯಾವಾಗ ಒಳಗೆ ಬಿಡಬೇಕು ಅನ್ನೋ ನಿಯಮಕ್ಕೆ, ಮೂರು ಸ್ಥಿತಿ: ಆನ್, ಆಫ್, ರಿಪೋರ್ಟ್-ಓನ್ಲಿ. ಮೂರನೇದರಲ್ಲಿದ್ರೆ ‘ಇವನನ್ನ ತಡೀಬೇಕಿತ್ತು’ ಅಂತ ಲಾಗ್‌ನಲ್ಲಿ ಬರೆದುಕೊಳ್ಳುತ್ತೆ, ತಡೆಯಲ್ಲ. ಗುಮಾಸ್ತ ಒಳಗೆ ಬಂದಿದ್ದು ಸೈನ್-ಇನ್ ಲಾಗ್‌ನಲ್ಲಿ ಹಾಗೇ ಬಿದ್ದಿತ್ತು. ನೋಡೋರು ಯಾರು?

“ಆನ್ ಮಾಡಿದ್ರೆ ನೀವೇ ಲಾಕ್ ಆಗ್ತೀರಿ ಸರ್, ಅದಕ್ಕೇ ಬಿಟ್ವಿ.” ಇದು ಅರ್ಧ ನಿಜ, ಅದಕ್ಕೇ ಅಪಾಯ. ಒಂದೆರಡು ವಾರ ರಿಪೋರ್ಟ್-ಓನ್ಲಿ ಇಟ್ಟು, ಯಾರಿಗೆ ಅಡ್ಡ ಬರುತ್ತೆ ನೋಡಿ, ತುರ್ತಿಗೆ ಅಂತ ಒಂದು ಅಡ್ಮಿನ್ ಖಾತೆಯನ್ನ ಪಾಲಿಸಿಯಿಂದ ಹೊರಗಿಟ್ಟು, ಆಮೇಲೆ ಆನ್ ಮಾಡೋದು ಪದ್ಧತಿ. ಮೂರು ತಿಂಗಳು ಬಿಡೋದಲ್ಲ. ಅದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿದೆ. ಕಂಡೀಷನಲ್ ಆ್ಯಕ್ಸೆಸ್ ಆನ್ ಮಾಡಬೇಕಾದ್ರೆ ‘ಸೆಕ್ಯುರಿಟಿ ಡಿಫಾಲ್ಟ್ಸ್’ ಆಫ್ ಮಾಡಬೇಕು. ಅದನ್ನ ಮಾತ್ರ ಮರೀದೆ ಆಫ್ ಮಾಡಿದ್ರು. ಮೊದಲು ಪುಕ್ಕಟೆಯಾಗಿ ಬರ್ತಿದ್ದ ಎರಡನೇ ಹಂತದ ಪರಿಶೀಲನೆನೂ ಹೋಯ್ತು. ಹೊಸದು ಆನ್ ಇಲ್ಲ, ಹಳೇದು ಆಫ್. ದುಡ್ಡು ಕೊಟ್ಟು ಬಾಗಿಲು ತೆಗೆಸಿಕೊಂಡ್ವಿ.

ಆ ಹುಡುಗನ ಖಾತೆ ಯಾಕೆ ಮುಚ್ಚಲಿಲ್ಲ? “ಅವನ ಮೇಲ್‌ಗೆ ಪಾರ್ಟಿಗಳು ಬಿಲ್ ಕಳಿಸ್ತಾರೆ ಅಂತ ನೀವೇ ಅಂದಿದ್ರಿ ಸರ್.” ಮೇಲ್ ಬೇಕು ಅಂದ್ರೆ ಖಾತೆ ತೆರೆದಿಡಬೇಕಂತೇನಿಲ್ಲ. ಸೈನ್-ಇನ್ ಬ್ಲಾಕ್ ಮಾಡಿ, ಇರೋ ಸೆಷನ್‌ಗಳನ್ನ ರದ್ದು ಮಾಡಿ, ಮೇಲ್‌ಬಾಕ್ಸನ್ನ ಹಲವರು ನೋಡಬಹುದಾದ ಶೇರ್ಡ್ ಮೇಲ್‌ಬಾಕ್ಸಿಗೆ ಬದಲಾಯಿಸಿ. 50 ಜಿಬಿ ತನಕ ಲೈಸೆನ್ಸೂ ಬೇಡ. ಬರೀ ಪಾಸ್‌ವರ್ಡ್ ಬದಲಾಯಿಸಿ ಕೂರಬೇಡಿ, ಮೊದಲೇ ಸಿಕ್ಕ ಟೋಕನ್ (ಲಾಗಿನ್ ಆದಾಗ ಸಿಗೋ ಪ್ರವೇಶ ಚೀಟಿ) ಇದ್ರೆ ಸುಮಾರು ಒಂದು ಗಂಟೆ ಫೈಲು ತೆರೀತಾನೇ ಇರಬಹುದು.

ರೇಟ್ ಶೀಟಿನದು ಬೇರೆ ಕತೆ. ಯಾರೋ ವಾಟ್ಸಾಪಿನಲ್ಲಿ ‘ಲಿಂಕ್ ಇರೋ ಯಾರಾದ್ರೂ’ ಅನ್ನೋ ಥರದ ಲಿಂಕ್ ಹಾಕಿದ್ರು. ಆ ಲಿಂಕಿಗೆ ಲಾಗಿನ್ನೇ ಬೇಡ. ಲಾಗಿನ್ ಇಲ್ಲದ ಮೇಲೆ ಪಾಲಿಸಿ ಆನ್ ಇದ್ರೂ ಅಷ್ಟೇ, ಆಫ್ ಇದ್ರೂ ಅಷ್ಟೇ. “ಅದು ನಿಮ್ಮ ಸ್ಟಾಫ್ ತಪ್ಪು ಸರ್” ಅಂದ್ರು. ಫೈಲುಗಳನ್ನ ಇಟ್ಟಿರೋ ಶೇರ್‌ಪಾಯಿಂಟ್ ಅಡ್ಮಿನ್ ಸೆಂಟರ್‌ನ ಶೇರಿಂಗ್ ಪುಟದಲ್ಲಿ ‘ಎನಿಒನ್’ ಅಂತಲೇ ಬಿಟ್ಟಿದ್ದೋರು ಯಾರು? ಅದನ್ನ ‘ನಮ್ಮ ಸಂಸ್ಥೆಯವರು ಮಾತ್ರ’ ಅನ್ನೋದಕ್ಕೆ ಇಳಿಸಿ, ಹಳೇ ಲಿಂಕ್‌ಗಳನ್ನ ಒಂದೊಂದಾಗಿ ಅಳಿಸಿ. ಆದ್ರೆ ಡೌನ್‌ಲೋಡ್ ಆಗಿ ಹೋದ ಪ್ರತಿ ಹೋಯ್ತು. ಅದನ್ನೂ ಹಿಡೀಬೇಕು ಅಂದ್ರೆ ಫೈಲಿಗೇ ಎನ್‌ಕ್ರಿಪ್ಷನ್ (ಅನುಮತಿ ಇದ್ದೋರಿಗೆ ಮಾತ್ರ ತೆರೆಯೋ ಬೀಗ) ಇರೋ ಸೆನ್ಸಿಟಿವಿಟಿ ಲೇಬಲ್ ಬೇಕು, ಲೇಬಲ್‌ನಲ್ಲಿ ಆಫ್‌ಲೈನ್ ತೆರೆಯೋಕೆ ಅವಕಾಶ ಇರಬಾರದು, ಇದ್ರೂ ಕೆಲವೇ ದಿನ. ಮೈಕ್ರೋಸಾಫ್ಟ್ 365ರ ಬಿಸಿನೆಸ್ ಪ್ರೀಮಿಯಂ ಪ್ಲಾನಿನಲ್ಲಿ ಇದು ಇದೆ, ಕಂಡೀಷನಲ್ ಆ್ಯಕ್ಸೆಸ್ಸೂ ಇದೆ. ಬೇಸಿಕ್, ಸ್ಟ್ಯಾಂಡರ್ಡ್‌ನಲ್ಲಿ ಕಂಡೀಷನಲ್ ಆ್ಯಕ್ಸೆಸ್ ಬರಲ್ಲ, ಬೇರೆ ಲೈಸೆನ್ಸ್ ಇಲ್ಲದೆ ಹಾಕ್ತೀವಿ ಅಂದ್ರೆ ನಂಬಬೇಡಿ.

ಟ್ಯಾಲಿ ಡೇಟಾ ಡಿ ಡ್ರೈವಿನಲ್ಲಿ ‘ಎವ್ರಿಒನ್, ಫುಲ್ ಕಂಟ್ರೋಲ್’ ಅಂತ ಶೇರ್ ಆಗಿತ್ತು, ಅದನ್ನ ಮುಟ್ಟೇ ಇಲ್ಲ. ಇರಲಿ.

ಬಿಲ್ ಕಟ್ಟೋ ಮುಂಚೆ ನೀವೇ ಪರೀಕ್ಷೆ ಮಾಡಿ. ಆಫೀಸಿಗೆ ಸಂಬಂಧ ಇಲ್ಲದ ಒಂದು ಮೊಬೈಲ್ ತಗೊಳ್ಳಿ, ಸಾಮಾನ್ಯ ಸಿಬ್ಬಂದಿ ಖಾತೆಯಿಂದ ಲಾಗಿನ್ ಆಗಿ, ರೇಟ್ ಶೀಟ್ ಇಳಿಸಿಕೊಳ್ಳೋಕೆ ನೋಡಿ. ಇಳೀತಾ? ಒಂದು ಪೈಸೆ ಕೊಡಬೇಡಿ. ಗ್ಲೋಬಲ್ ಅಡ್ಮಿನ್, ಅಂದ್ರೆ ಎಲ್ಲಾ ಅಧಿಕಾರ ಇರೋ ಖಾತೆ, ನಿಮ್ಮ ಹೆಸರಲ್ಲೇ ಇರಲಿ. ನಮ್ಮದು ಅವರ ಹತ್ರ ಇತ್ತು, ವಾಪಸ್ ತಗೊಳ್ಳೋಕೆ ಒಂಬತ್ತು ದಿನ, ಇಪ್ಪತ್ತು ಫೋನು. ಆ ಒಂಬತ್ತು ದಿನದಲ್ಲಿ ಲಾಗ್ ಕರಗ್ತಾ ಇತ್ತು: ಸೈನ್-ಇನ್ ಲಾಗ್ ಪ್ರೀಮಿಯಂನಲ್ಲೂ ಇರೋದು 30 ದಿನ, ಪುಕ್ಕಟೆ ಎಂಟ್ರಾದಲ್ಲಿ 7. ಯಾರು ಯಾವ ಫೈಲು ಇಳಿಸಿಕೊಂಡ್ರು ಅನ್ನೋದು ಮೈಕ್ರೋಸಾಫ್ಟಿನ ಪರ್ವ್ಯೂ ಆಡಿಟ್ ಅನ್ನೋ ದಾಖಲೆಯಲ್ಲಿ 180 ದಿನ ಸಿಗುತ್ತೆ. ಅನುಮಾನ ಬಂದ ದಿನವೇ ಇಳಿಸಿಟ್ಟುಕೊಳ್ಳಿ, ಜಗಳ ಆಮೇಲೆ ಆಡಿ.

ಕೊನೇ ಕಂತು 35 ಸಾವಿರ ಹಿಡಿದಿಟ್ಟಿದೀವಿ. ಮೊನ್ನೆ ಅವರ ಮೆಸೇಜು: “ಸರ್, ನಂಬಿಕೆ ಮೇಲೆ ಕೆಲಸ ಮಾಡೀವಿ, ಬ್ಯಾಲೆನ್ಸ್ ಹಾಕ್ರಿ.”