41 ಟನ್ ಭಾರ ತೋರಿಸುವ ನೆಲ: ಮೂರು ಬಗೆಯಲ್ಲಿ ಮಾಡಿ ನೋಡಿದ್ದು

ಟಿ-72 ಟ್ಯಾಂಕಿನ ಮಾದರಿ ಕಟ್ಟಿ ಮುಗಿಸಿದ ದಿನ ಅದನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಪ್ಲಾಸ್ಟಿಕ್ಕು, ಬಣ್ಣ, ಅಂಟು ಎಲ್ಲ ಸೇರಿ 300 ಗ್ರಾಂ ಕೂಡ ಇರಲಿಲ್ಲ. ಅಸಲಿ ಟ್ಯಾಂಕು 41.5 ಟನ್. ಡಯೋರಾಮಾದ, ಅಂದರೆ ಮಾದರಿಯನ್ನು ನೆಲ, ಗಿಡಮರದ ಸಮೇತ ಕೂರಿಸಿ ತೋರಿಸುವ ದೃಶ್ಯದ, ಕಷ್ಟವೆಲ್ಲ ಇರುವುದು ಇಲ್ಲೇ. ಅಂಗೈ ಮೇಲೆ ನಿಲ್ಲುವ ಈ ವಸ್ತುವನ್ನು ನೋಡಿದವರಿಗೆ ಕೆಳಗಿನ ನೆಲ ಅದುಮಿ ಹೋಗಿದೆ ಅನ್ನಿಸಬೇಕು. ಟ್ಯಾಂಕಿಗೆ ಎಷ್ಟು ಚೆನ್ನಾಗಿ ಬಣ್ಣ ಬಳಿದರೂ ನೆಲ ಸುಳ್ಳು ಹೇಳಿದರೆ ಅದು ಮರಳಿನ ಮೇಲೆ ತಂದಿಟ್ಟ ಆಟಿಕೆಯಾಗಿಯೇ ಉಳಿಯುತ್ತದೆ. ಹಾಗಾಗಿ ಕಳೆದ ಮಳೆಗಾಲ ಪೂರ್ತಿ ನೆಲವನ್ನೇ ಹಿಡಿದು ಕೂತೆ. ಒಂದೇ ಅಳತೆಯ ಮೂರು ಹಲಗೆ, ಮೂರು ಬಗೆಯ ನೆಲ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನನ್ನದು 1/35 ಅಳತೆ, ಅಂದರೆ ಅಸಲಿಯ 35ರಲ್ಲಿ ಒಂದು ಪಾಲು. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಮಾದರಿ ತಂದಾಗ, ಒಳಗೆ ಮೋಟಾರು, ಬ್ಯಾಟರಿ ಹಿಡಿಯುವಷ್ಟು ಜಾಗ ಬೇಕೆಂದು ಆರಿಸಿಕೊಂಡ ಅಳತೆ ಅದು. ಇವತ್ತು ಇಡೀ ಲೋಕ ಅದನ್ನೇ ಹಿಡಿದಿದೆ. ತೋಪು ಮುಂದಕ್ಕೆ ಚಾಚಿದಾಗ 9.5 ಮೀಟರ್ ಉದ್ದವಾಗುವ ಟಿ-72 ಈ ಅಳತೆಯಲ್ಲಿ 27 ಸೆಂಟಿಮೀಟರ್. ಗಾಲಿಗಳನ್ನು ಸುತ್ತುವ, 58 ಸೆಂಟಿಮೀಟರ್ ಅಗಲದ ಚೈನು 16.5 ಮಿಲಿಮೀಟರ್. ನಾನು ಕಟ್ಟಿದ್ದು ನಮ್ಮ ಸೇನೆ ‘ಅಜೇಯ’ ಎಂದು ಕರೆಯುವ ಟಿ-72ಎಂ1, ಚೆನ್ನೈ ಪಕ್ಕದ ಆವಡಿಯಲ್ಲಿ ತಯಾರಾದ ಟ್ಯಾಂಕು. ಜಾಗ ಥಾರ್ ಮರುಭೂಮಿ, ಬಿಕಾನೇರ್ ಕಡೆಯ ಮಹಾಜನ್ ಫೈರಿಂಗ್ ರೇಂಜಿನಂಥ ನೆಲ.

ಆ ನೆಲ ನಾನು ಕಣ್ಣಾರೆ ಕಂಡವನಲ್ಲ. ಕಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಗೋಕಾಕ ಕಡೆಯವರು, ಸೇನೆಯಲ್ಲಿ ಟ್ಯಾಂಕು ಓಡಿಸಿ ನಿವೃತ್ತರಾಗಿ ಈಗ ಶಿರಸಿಯಲ್ಲಿ ಕೆಲಸಕ್ಕಿದ್ದಾರೆ. ಕಾಲಾಳು ಪಡೆಯಲ್ಲಿ ಹವಾಲ್ದಾರ್ ಅನ್ನುವ ಹುದ್ದೆಗೆ ಟ್ಯಾಂಕು ದಳದಲ್ಲಿ ದಫೇದಾರ್ ಅನ್ನುತ್ತಾರೆ, ಕುದುರೆ ಸವಾರರ ಕಾಲದಿಂದ ಉಳಿದ ಹೆಸರು. ನಾನು ಅವರನ್ನು ದಫೇದಾರ್ ಕಾಕಾ ಎಂದೇ ಕರೆಯುವುದು. ಮೊದಲ ಹಲಗೆ ತೋರಿಸಿದಾಗ ಅವರು ಅಂದದ್ದು ಇಷ್ಟು: “ತಮ್ಮಾ, ಇಷ್ಟು ಹುಗಿಬ್ಯಾಡ. ಟ್ಯಾಂಕ್ ಉಸುಕಿನ್ಯಾಗ ಮುಳುಗೂದಿಲ್ಲ, ಉಸುಕನ್ನ ಬಾಜೂಕ ತಳ್ಳತೈತಿ.”

ಮನೆಗೆ ಬಂದು ಲೆಕ್ಕ ಹಾಕಿದೆ. ನೆಲಕ್ಕೆ ತಾಗುವ ಚೈನಿನ ಉದ್ದ ಒಂದು ಬದಿಗೆ ಸುಮಾರು 4.3 ಮೀಟರ್, ಅಗಲ 0.58. ಎರಡೂ ಬದಿ ಸೇರಿ ಐದು ಚದರ ಮೀಟರಿನಷ್ಟು ಜಾಗದ ಮೇಲೆ 41.5 ಟನ್ ಹರಡುತ್ತದೆ. ಚದರ ಸೆಂಟಿಮೀಟರಿಗೆ 0.83 ಕಿಲೋ ಆಸುಪಾಸು. ನಡೆಯುವಾಗ ಒಂದು ಕಾಲೂರಿದ ಮನುಷ್ಯನ ಒತ್ತಡವೂ ಇದರಿಂದ ಬಹಳ ದೂರವಿಲ್ಲ. ಏಳು ಸೆಂಟಿಮೀಟರ್ ಆಳದ ಗುರುತು ನನ್ನ ಹಲಗೆಯಲ್ಲಿ ಬರೀ 2 ಮಿಲಿಮೀಟರ್. ನಾನು ಆರು ಮಿಲಿಮೀಟರ್ ಹುಗಿದಿದ್ದೆ! ಭಾರ ಕಾಣಬೇಕಾದ್ದು ಆಳದಲ್ಲಲ್ಲ, ಗುರುತಿನ ಅಂಚಿನಲ್ಲಿ ಎಂಬುದು ಅಂದು ತಿಳಿಯಿತು. ಅಂಚು ಚೂಪಾಗಿರಬೇಕು, ಚೈನಿನ ಒಂದೊಂದು ಕೊಂಡಿಯ ಅಡ್ಡಗೆರೆ ಬೇರೆಬೇರೆಯಾಗಿ ಕಾಣಬೇಕು, ಟ್ಯಾಂಕು ತಿರುಗಿದ ಕಡೆ ಮರಳು ಬದುವಿನ ಹಾಗೆ ಎದ್ದಿರಬೇಕು. ಮೂರು ನೆಲವನ್ನೂ ಈ ಅಳತೆಗೋಲಿನಲ್ಲೇ ನೋಡಿದೆ.

ಮೊದಲನೆಯದು ಪ್ಲಾಸ್ಟರ್ ಆಫ್ ಪ್ಯಾರಿಸ್. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಅಗ್ಗ. ಕಲಸಿ ಹರಡಿದ ಮೇಲೆ ಹತ್ತು ಹದಿನೈದು ನಿಮಿಷಕ್ಕೆ ಬಿಗಿಯುತ್ತದೆ, ಬಿಗಿಯುವಾಗ ಕೈಗೆ ಬಿಸಿ ತಾಗುತ್ತದೆ. ಗುರುತು ಒತ್ತಬೇಕಾದ ಹೊತ್ತು ಬರೀ ಎರಡು ಮೂರು ನಿಮಿಷ. ಮೊದಲೇ ಒತ್ತಿದರೆ ಅಂಚು ಕರಗಿ ಹರಿಯುತ್ತದೆ, ತಡವಾದರೆ ಪುಡಿಯಾಗಿ ಉದುರುತ್ತದೆ. ನೀರಿಗೆ ಒಂದು ಚಮಚ ವಿನೆಗರ್ ಹಾಕಿದಾಗ ಬಿಗಿಯುವುದು ನಿಧಾನವಾಯಿತು, ಇನ್ನೂ ಹತ್ತು ನಿಮಿಷ ಸಿಕ್ಕಿತು. ಆದರೂ 30 ಸೆಂಟಿಮೀಟರ್ ಹಲಗೆಯ ಉದ್ದಕ್ಕೆ ಎರಡು ಚೈನಿನ ಗುರುತು, ಬೂಟಿನ ಹೆಜ್ಜೆ, ಬದು ಎಲ್ಲವನ್ನೂ ಅಷ್ಟರೊಳಗೆ ಮುಗಿಸಲು ಒಬ್ಬನ ಕೈಯಲ್ಲಿ ಆಗದು. ಇನ್ನೊಂದು ತೊಂದರೆ ಬಣ್ಣದ್ದು. ಒಳಗೆಲ್ಲ ಬಿಳಿ, ಎಲ್ಲೇ ಸ್ವಲ್ಪ ಚಕ್ಕೆ ಎದ್ದರೂ ಹಲ್ಲು ಕಿಸಿದ ಹಾಗೆ ಕಾಣುತ್ತದೆ. ಕಲಸುವಾಗಲೇ ಹಳದಿ ಆಕ್ಸೈಡ್ ಬಣ್ಣದ ಪುಡಿ ಬೆರೆಸಿಕೊಳ್ಳಬೇಕು. ಗಟ್ಟಿ ಕಲ್ಲುನೆಲ, ಒಡೆದ ಕಾಂಕ್ರೀಟು, ಹಳೇ ಗೋಡೆಗೆ ಇದನ್ನು ಮೀರಿಸಿದ್ದು ಇಲ್ಲ. ಮರಳಿನ ಮೆತ್ತನೆಯ ಗುಣ ಮಾತ್ರ ಇದಕ್ಕೆ ಬರಲಿಲ್ಲ.

ಎರಡನೆಯದು ಡಬ್ಬಿಯಲ್ಲಿ ಬರುವ ಅಕ್ರಿಲಿಕ್ ಪೇಸ್ಟ್, ಹೊರದೇಶದ್ದು. ಮುಚ್ಚಳ ತೆಗೆದು ಚಾಕುವಿನಲ್ಲಿ ಸವರಿದರೆ ಮುಗಿಯಿತು. ಮರುಭೂಮಿಯ ಬಣ್ಣ ಬೆರೆಸಿಯೇ ಬರುತ್ತದೆ. ಪೆಟ್ಟು ಬಿದ್ದರೆ ಚಕ್ಕೆ ಏಳುವುದಿಲ್ಲ, ಸ್ವಲ್ಪ ರಬ್ಬರಿನ ಗುಣ ಇದೆ. ಸಣ್ಣ ಹಲಗೆಗೆ, ಒಬ್ಬ ಸೈನಿಕನ ಮೂರ್ತಿಯ ಕಾಲ ಕೆಳಗಿನ ನೆಲಕ್ಕೆ ನಾನು ಈಗಲೂ ಇದನ್ನೇ ಬಳಸುತ್ತೇನೆ. ದೊಡ್ಡ ಹಲಗೆಗೆ ಎರಡು ಡಬ್ಬಿ ಬೇಕಾಯಿತು, ಸಾವಿರಾರು ರೂಪಾಯಿ ನೆಲಕ್ಕೇ ಹೋಯಿತು. ಮೇಲಾಗಿ ಶಿರಸಿಯ ಜುಲೈ ತಿಂಗಳು. ಒಂದು ದಿನದಲ್ಲಿ ಒಣಗಬೇಕಾದ ಪದರ ನಾಲ್ಕನೇ ದಿನವೂ ಬೆರಳಿಗೆ ಹಸಿಯಾಗಿ ತಾಗುತ್ತಿತ್ತು. ದಪ್ಪಗೆ ಹಾಕಿದ ಕಡೆ ಮೇಲ್ಪದರ ಮೊದಲು ಒಣಗಿ, ಒಳಗಿನದು ಆಮೇಲೆ ಕುಗ್ಗಿ, ಒತ್ತಿದ ಗುರುತಿನ ಅಂಚೆಲ್ಲ ಉರುಟಾಗಿಬಿಟ್ಟಿತು. ಹೊಸದಾಗಿ ಬಿದ್ದ ಗುರುತು ವಾರದ ಹಿಂದಿನದರಂತೆ ಕಂಡಿತು.

ಇದೇ ಪೇಸ್ಟಿನಿಂದ ಇನ್ನೊಂದು ಪಾಠವೂ ಸಿಕ್ಕಿತು. ಅದರೊಳಗಿನ ಕಾಳು ದೊಡ್ಡದು. ನೆಲಕ್ಕೆ ನಿಜವಾದ ಮರಳು ಹಾಕಿದರೇನೇ ನಿಜ ಅನ್ನಿಸುತ್ತದೆ ಎಂದು ಹೊಸಬರು ತಿಳಿಯುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ಮರುಭೂಮಿಯ ಮರಳಿನ ಕಾಳು 0.2 ಮಿಲಿಮೀಟರ್ ಅಂದುಕೊಳ್ಳಿ. ಅದನ್ನೇ 1/35ರ ಹಲಗೆಗೆ ಸುರಿದರೆ 35 ಪಟ್ಟು ಹಿಗ್ಗಿ 7 ಮಿಲಿಮೀಟರಿನ ಜಲ್ಲಿಯಾಗುತ್ತದೆ. ಮಾದರಿಯ ಲೋಕದಲ್ಲಿ ಮರಳು ಕಾಣಬೇಕಾದರೆ ಧೂಳನ್ನೇ ಬಳಸಬೇಕು. ಕ್ರಷರಿನ ಕಲ್ಲುಪುಡಿ ತಂದು ಹಳೇ ಪಂಚೆಯಲ್ಲಿ ವಸ್ತ್ರಗಾಲಿತ ಮಾಡಿ, ಹಳದಿ ಆಕ್ಸೈಡ್ ಮತ್ತು ಚಿಟಿಕೆ ಕೆಮ್ಮಣ್ಣು ಬೆರೆಸಿಕೊಂಡೆ. ಮೂರೂ ಹಲಗೆಯ ಮೇಲ್ಪದರಕ್ಕೆ ಇದೇ ಪುಡಿ ಹಾಕಿದ್ದು.

ಮೂರನೆಯದು ಬಂದದ್ದು ಕೊಪ್ಪಳದ ಕಿನ್ನಾಳದಿಂದ. ಅಲ್ಲಿನ ಚಿತ್ರಗಾರರು ಮರದ ಬೊಂಬೆಗಳ ಬಿಡಿಭಾಗ ಕೂಡಿಸಲು ಕಿಟ್ಟ ಎಂಬ ಮೆತ್ತು ಬಳಸುತ್ತಾರೆ. ಗೋಣಿ ಚೂರಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಲಸಿದ್ದು. ಒಂದು ಬೊಂಬೆಯ ಕೈ ಮುರಿದ ಜಾಗದಲ್ಲಿ ಈ ಮೆತ್ತು ಒಣಗಿ ನಿಂತದ್ದನ್ನು ನೋಡಿದೆ, ಬೆರಳಿನ ಗೆರೆ ಕೂಡ ಅಚ್ಚೊತ್ತಿದಂತೆ ಉಳಿದಿತ್ತು. ಬೆರಳಗೆರೆ ಉಳಿಸಿಕೊಳ್ಳುವ ಮೆತ್ತು ಚೈನಿನ ಗುರುತನ್ನೂ ಉಳಿಸಿಕೊಳ್ಳದೆ ಇರುತ್ತದೆಯೇ?

ಹುಣಸೆ ಬೀಜ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕಾಯಿಸಿದೆ. ತಳ ಹಿಡಿಯದಂತೆ ಕೈ ಬಿಡದೆ ತಿರುವುತ್ತಿರಬೇಕು. ಬಡಗಿಯ ಮನೆಯಿಂದ ತಂದ ಹೊಟ್ಟನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ, ಕಲ್ಲುಪುಡಿಯೊಂದಿಗೆ ಸೇರಿಸಿ, ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆದುವಾಗಿ ನಾದಿದೆ. ಹಲಗೆಯ ಮೇಲೆ ನಾಲ್ಕು ಮಿಲಿಮೀಟರ್ ದಪ್ಪಕ್ಕೆ ತಟ್ಟಿದ ಮೇಲೆ ಅವಸರವೇ ಇಲ್ಲ. ಒದ್ದೆ ಬಟ್ಟೆ ಮುಚ್ಚಿಟ್ಟರೆ ಅರ್ಧ ದಿನ ಹಾಗೇ ಮೆತ್ತಗಿರುತ್ತದೆ. ಚೈನಿನ ಒಂದು ತುಂಡನ್ನು ಮರದ ಪಟ್ಟಿಗೆ ಅಂಟಿಸಿ, ಅಂಟದಿರಲೆಂದು ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಸ್ವಲ್ಪವೇ ಒತ್ತುತ್ತ ಹೋದೆ. ಪಟ್ಟಿ ಎತ್ತಿದಾಗ ಕೊಂಡಿಗಳ ಅಡ್ಡಗೆರೆ, ನಡುವಿನ ಸಂದು, ಎರಡೂ ಬದಿಯ ಅಂಚು ಎಲ್ಲ ಕೊರೆದಿಟ್ಟಂತೆ ಇತ್ತು. ಆ ಕ್ಷಣದ ಖುಷಿ ಹೇಳಿ ಮುಗಿಯದು.

ಕಿಟ್ಟಕ್ಕೂ ಎರಡು ಕಾಟ ಇದೆ. ಒಂದು ಬೂಸಲು. ಮಲೆನಾಡಿನ ಮಳೆಗೆ ಅಂಟು ಇಟ್ಟ ಮೂರನೇ ದಿನಕ್ಕೇ ಮೊದಲ ಪ್ರಯತ್ನದ ಮೇಲೆ ಬೂದಿ ಬಣ್ಣದ ರೋಮ ಎದ್ದಿತು, ಹಲಗೆ ಸಮೇತ ಎಸೆಯಬೇಕಾಯಿತು. ಎರಡನೇ ಸಲ, ಅಡಿಕೆಗೆ ಕೊಳೆ ಔಷಧಿ ಹೊಡೆಯಲು ತಂದಿಟ್ಟಿದ್ದ ಮೈಲುತುತ್ತವನ್ನು ಚಿಟಿಕೆಯಷ್ಟು ಕರಗಿಸಿ ಅಂಟಿಗೆ ಸೇರಿಸಿದೆ. ಬೂಸಲು ಬರಲಿಲ್ಲ. ಅದು ವಿಷ, ಕೈಗವಸು ಬೇಕು, ಅಡುಗೆ ಪಾತ್ರೆ ಕೂಡದು. ಇನ್ನೊಂದು ಕಾಟ ಕುಗ್ಗುವುದು. ತೆಳು ಪ್ಲೈವುಡ್ಡನ್ನು ಕಿಟ್ಟ ಒಣಗುತ್ತ ಬಿಲ್ಲಿನಂತೆ ಬಗ್ಗಿಸುತ್ತದೆ. 12 ಮಿಲಿಮೀಟರ್ ಪ್ಲೈವುಡ್ಡಿಗೆ ಬದಲಾಯಿಸಿ, ಕೆಳಬದಿಗೂ ಒಂದು ಕೈ ಅಂಟು ಬಳಿದು, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಆರು ದಿನ ನಿಧಾನವಾಗಿ ಒಣಗಿಸಿದೆ. ಎರಡು ಕಡೆ ಕೂದಲೆಳೆಯ ಬಿರುಕು ಬಂತು, ಕಲ್ಲುಪುಡಿ ತುಂಬಿದ ಮೇಲೆ ಕಾಣಲಿಲ್ಲ.

ನೆಲದಷ್ಟೇ ಮುಖ್ಯವಾದದ್ದು ಅದಕ್ಕೆ ತಾಗುವ ಚೈನು. ಮೆತ್ತನೆಯ ವಿನೈಲ್ ಪಟ್ಟಿಯ ಚೈನು ಬಿಗಿಯಾಗಿ ಎಳೆದು ನಿಲ್ಲುತ್ತದೆ. ಟಿ-72ರಲ್ಲಿ ಚೈನು ಮೇಲ್ಗಡೆ ಮೂರು ಸಣ್ಣ ಗಾಲಿಗಳ ಮೇಲೆ ಹಾದು, ಅವುಗಳ ನಡುವೆ ತನ್ನ ಭಾರಕ್ಕೇ ಜೋಲುತ್ತದೆ. ಒಂದೊಂದೇ ಕೊಂಡಿ ಅಂಟಿಸುವ ಪ್ಲಾಸ್ಟಿಕ್ ಚೈನಿನಲ್ಲಿ ಆ ಜೋಲು ತರಬಹುದು, ಅಂಟು ಒಣಗುವ ಮೊದಲೇ ಬಾಗಿಸಬೇಕು. ಹಂಗೇರಿಯ ಫ್ರಿಯುಲ್‌ಮಾಡೆಲ್ ಕಂಪನಿಯ ಚೈನು ಲೋಹದ್ದು. ಒಂದು ಬದಿಗೆ ತೊಂಬತ್ತಕ್ಕೂ ಹೆಚ್ಚು ಕೊಂಡಿ, ಪ್ರತಿಯೊಂದಕ್ಕೂ ತಂತಿ ಪೋಣಿಸಬೇಕು, ನನಗೆ ಐದು ಸಂಜೆ ಹಿಡಿಯಿತು. ಆದರೆ ಅದನ್ನು ಗಾಲಿಗಳ ಮೇಲೆ ಹಾಕಿದ ಕೂಡಲೇ ತಾನಾಗಿ ಜೋತಿತು. ಭಾರವನ್ನು ನಟಿಸುವ ಕೆಲಸವೇ ಇಲ್ಲ, ಅಲ್ಲಿ ನಿಜವಾಗಿಯೂ ಭಾರ ಇದೆ. ದುಡ್ಡು ಒಂದೇ ಕಡೆ ಹಾಕಬೇಕೆಂದರೆ ಡಬ್ಬಿ ಪೇಸ್ಟ್ ಬಿಟ್ಟು ಇದಕ್ಕೆ ಹಾಕಿ. ಬಣ್ಣ ಬಳಿಯುವಾಗ ತುಕ್ಕಿನ ಕೆಂಪು ಹೆಚ್ಚಾಗದಿರಲಿ. ಮರುಭೂಮಿಯ ಮರಳು ಉಜ್ಜಿ ಉಜ್ಜಿ ಚೈನಿನ ಅಂಚುಗಳು ಉಕ್ಕಿನ ಹೊಳಪಿಗೆ ಬಂದಿರುತ್ತವೆ.

ಧೂಳಿನ ವಿಷಯ ಬೇಗ ಮುಗಿಸುತ್ತೇನೆ. ತಮಿಯಾದ ಎಕ್ಸ್‌ಎಫ್-57 ಬಫ್ ಬಣ್ಣವನ್ನು ಬಹಳ ತೆಳ್ಳಗೆ ಏರ್‌ಬ್ರಶ್ಶಿನಲ್ಲಿ, ಅಂದರೆ ಗಾಳಿಯ ಒತ್ತಡಕ್ಕೆ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನದಲ್ಲಿ, ಹೊಡೆದು ನೋಡಿದೆ, ಅಂಗಡಿಯ ಪಿಗ್ಮೆಂಟ್ ಪುಡಿ ಹಾಕಿ ನೋಡಿದೆ, ಸಾಫ್ಟ್ ಪಾಸ್ಟೆಲ್ ಕಡ್ಡಿಯನ್ನು ಉಪ್ಪುಕಾಗದದ ಮೇಲೆ ತೇಯ್ದ ಪುಡಿಯನ್ನೂ ನೋಡಿದೆ. ಏರ್‌ಬ್ರಶ್ಶಿನದು ಸಮನಾಗಿ ಕೂರುತ್ತದೆ, ಅದೇ ಅದರ ಕೊರತೆ. ಧೂಳು ಎಂದೂ ಸಮನಾಗಿ ಕೂರುವುದಿಲ್ಲ. ಪಾಸ್ಟೆಲ್ ಅಗ್ಗ, ಆದರೆ ಅಂಟುವುದು ಕಡಿಮೆ. ಕೊನೆಗೆ ಉಳಿದದ್ದು ನೆಲಕ್ಕೆ ಬಳಸಿದ ಅದೇ ಕಲ್ಲುಪುಡಿ, ಅದನ್ನೇ ಟರ್ಪೆಂಟೈನಿನಲ್ಲಿ ಕದಡಿ ಗಾಲಿ, ಮಡ್‌ಗಾರ್ಡು, ಮೂಲೆಗಳಿಗೆ ಇಳಿಸಿದೆ. ನೆಲದ ಧೂಳೂ ಟ್ಯಾಂಕಿನ ಧೂಳೂ ಒಂದೇ ಆದದ್ದರಿಂದ ಎರಡೂ ಒಂದೇ ಜಾಗದಲ್ಲಿವೆ ಅನ್ನಿಸಿತು. ಎಡ ಹಿಂಬದಿಯಲ್ಲಿ ಹೊಗೆ ಹೊರಬೀಳುವ ಜಾಗವೊಂದಕ್ಕೆ ಮಾತ್ರ ಕಪ್ಪು ಮಸಿ. ಒಂದು ಎಚ್ಚರಿಕೆ: ಮಳೆ ಸುರಿಯುವ ದಿನ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಬೇಡಿ. ಗಾಳಿಯ ತೇವಕ್ಕೆ ಅದು ಹಾಲಿನ ಕೆನೆಯಂತೆ ಬೆಳ್ಳಗಾಗುತ್ತದೆ, ಒಂದು ಇಡೀ ಬದಿಯನ್ನು ನಾನು ಮತ್ತೆ ಬಳಿಯಬೇಕಾಯಿತು.

ಹಲಗೆಯ ಮೂಲೆಯಲ್ಲಿ ಒಂದು ಖೇಜ್ಡಿ ಮರ ನಿಲ್ಲಿಸಿದ್ದೇನೆ. ಥಾರಿನಲ್ಲಿ ಎಲ್ಲೆಲ್ಲೂ ಕಾಣುವ, ರಾಜಸ್ಥಾನದ ರಾಜ್ಯಮರವಾದ ಅದು ಬೇರೆ ಯಾವುದೂ ಅಲ್ಲ, ನಾವು ವಿಜಯದಶಮಿಗೆ ಪೂಜಿಸುವ ಬನ್ನಿಯೇ. ತಂತಿ ಸುತ್ತಿ ಕಾಂಡ ಮಾಡಿದೆ. ಬುಡದ ಒಣ ಹುಲ್ಲಿಗೆ ಅಡಿಕೆ ಸಿಪ್ಪೆಯ ನಾರು ಸಾಕಾಯಿತು.

ಸೆಪ್ಟೆಂಬರಿನಲ್ಲಿ ಮೂರೂ ಹಲಗೆಗಳನ್ನು ಜಗಲಿಯಲ್ಲಿ ಸಾಲಾಗಿಟ್ಟು, ಟ್ಯಾಂಕನ್ನು ಒಂದಾದ ಮೇಲೊಂದರ ಮೇಲೆ ಕೂರಿಸಿ ದಫೇದಾರ್ ಕಾಕಾಗೆ ತೋರಿಸಿದೆ. ಪ್ಲಾಸ್ಟರಿನದಕ್ಕೆ “ಇದು ರೋಡ್ ಆತು” ಅಂದರು. ಪೇಸ್ಟಿನದರ ಮುಂದೆ ಏನೂ ಅನ್ನಲಿಲ್ಲ. ಕಿಟ್ಟದ ಹಲಗೆಯ ಮುಂದೆ ಮಂಡಿಯೂರಿ ಕೂತು, ಟ್ಯಾಂಕನ್ನು ತಾವೇ ಎತ್ತಿ ಪಕ್ಕಕ್ಕಿಟ್ಟು, ಬರೀ ಗುರುತನ್ನು ನೋಡಿದರು. ಎಡಕ್ಕೆ ತಿರುಗುವ ಕಡೆ ಹಿಂಭಾಗ ಹೊರಕ್ಕೆ ಜಾರಿ ಮರಳನ್ನು ಬಲಬದಿಗೆ ದೂಡಿದಂತೆ ನಾನು ಬದು ಎಬ್ಬಿಸಿದ್ದೆ. ಅದರ ಮೇಲೆ ಬೆರಳಾಡಿಸಿ, ಎರಡೂ ಕೈಯಲ್ಲಿ ಇಲ್ಲದ ಹಿಡಿಕೆಗಳನ್ನು ಹಿಡಿದು, ಎಡಗೈಯನ್ನು ಹಿಂದಕ್ಕೆಳೆದರು. “ಇಲ್ಲಿ ಎಳದೀನಿ ನೋಡು,” ಅಂದರು. “ಸ್ವಲ್ಪ ಜೋರಾಗೇ ಎಳದೀನಿ.”