ಐದು ಎಕರೆ ಕೊಳ್ಳುವ ಮುಂಚೆ ನೀರಿನ ಹಕ್ಕು ನೋಡಿ

ಅಮೆರಿಕದಲ್ಲಿ ಅಗ್ಗದ ಜಮೀನು ಹುಡುಕುತ್ತಿರುವ ನಮ್ಮ ಕನ್ನಡದವರಿಗೆ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಕೊಲರಾಡೊದ ಸ್ಯಾನ್ ಲೂಯಿಸ್ ಕಣಿವೆಯ ಜಾಹೀರಾತು ನೋಡಿ ಮನಸ್ಸು ಮಾಡಿರುವವರಿಗೆ. ದುಡ್ಡು ಕಟ್ಟುವ ಮುಂಚೆ ದಯವಿಟ್ಟು ಪೂರ್ತಿ ಓದಿ.

2021ರ ಡಿಸೆಂಬರ್ 30ರಂದು ನಮ್ಮ ಅಡುಗೆಮನೆ ಕಿಟಕಿಯಿಂದ ಹೊಗೆ ಕಂಡಿತು. ಪಕ್ಕದ ಬೌಲ್ಡರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮಾರ್ಷಲ್ ಫೈರ್ ಎಂಬ ಕಾಳ್ಗಿಚ್ಚು ಒಂದೇ ದಿನದಲ್ಲಿ ಸಾವಿರಕ್ಕೂ ಜಾಸ್ತಿ ಮನೆಗಳನ್ನು ಸುಟ್ಟಿತು. ನಮ್ಮ ಮನೆ ಉಳಿಯಿತು, ಮಗಳ ಗೆಳತಿಯ ಮನೆ ಹೋಯಿತು. ಕೋವಿಡ್ ಶುರುವಾದಾಗ ಅಂಗಡಿಯಲ್ಲಿ ಅಕ್ಕಿ ಸಿಗದ ದಿನಗಳೂ ಇನ್ನೂ ನೆನಪಿನಲ್ಲಿದ್ದವು. ಕಷ್ಟಕಾಲಕ್ಕೆ ಹೋಗಿ ಇರಲು ಒಂದು ಜಾಗ ಬೇಕು ಅನ್ನಿಸಿತು. ಸ್ವಲ್ಪ ತರಕಾರಿ, ನಾಲ್ಕು ಕೋಳಿ, ಸೋಲಾರ್, ಒಂದು ಸಣ್ಣ ಮನೆ.

ನಮ್ಮವರು ಎಕ್ಸೆಲ್‌ನಲ್ಲಿ ಹನ್ನೊಂದು ಕೌಂಟಿಗಳ ಪಟ್ಟಿ ಮಾಡಿದರು. ಜಮೀನಿನ ಬೆಲೆ, ತೆರಿಗೆ, ಜನಸಂಖ್ಯೆ, ಅಪರಾಧ, ಬಿಸಿಲು, ಡೆನ್ವರ್‌ನಿಂದ ದೂರ, ನೀರು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಕೂಡಿದೆವು. ಸ್ಯಾನ್ ಲೂಯಿಸ್ ಕಣಿವೆಯ ಕಾಸ್ಟಿಲ್ಲಾ ಕೌಂಟಿ ಮೊದಲು ಬಂತು (ಅಲ್ಲಿನವರು ಕೋಸ್ಟಿಯಾ ಅನ್ನುತ್ತಾರೆ). ನೀರಿಗೆ ನಾವು ಕೊಟ್ಟಿದ್ದು ಆರು ಅಂಕ. ಮಾರುವವರ ಜಾಹೀರಾತಿನಲ್ಲಿ 'ಬಾವಿ ಕೊರೆಸಬಹುದು' ಅಂತಿತ್ತು, ಅಷ್ಟನ್ನೇ ನಂಬಿದೆವು. 2022ರ ಮೇ ತಿಂಗಳಲ್ಲಿ 6,800 ಡಾಲರ್ ಕಟ್ಟಿ ಐದು ಎಕರೆ ಬರೆಸಿಕೊಂಡೆವು. ಕೊಟ್ಟಿದ್ದು ಕ್ವಿಟ್‌ಕ್ಲೇಮ್ ಡೀಡ್. ಅಂದರೆ ತನಗೆ ಏನು ಹಕ್ಕಿದೆಯೋ ಅಷ್ಟನ್ನು ಬಿಟ್ಟುಕೊಟ್ಟಿದ್ದೇನೆ, ಮಿಕ್ಕಿದ್ದಕ್ಕೆ ಜವಾಬ್ದಾರಿ ಇಲ್ಲ ಎಂಬ ಪತ್ರ. ಹಳೇ ತೆರಿಗೆ ಬಾಕಿಯೂ ನಮ್ಮ ತಲೆಗೇ ಬಂತು.

ಜೂನ್‌ನಲ್ಲಿ ಹೋಗಿ ನೋಡಿದಾಗ ಎಲ್ಲ ಚೆನ್ನಾಗಿಯೇ ಇತ್ತು. ದೂರದಲ್ಲಿ ಬ್ಲ್ಯಾಂಕಾ ಶಿಖರ, ತಲೆ ಮೇಲೆ ಶುಭ್ರ ಆಕಾಶ. ಅಲ್ಲಿಂದಲೇ ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಅಪ್ಪ ಹಿರಿಯೂರಿನಲ್ಲಿ ಜೀವನವೆಲ್ಲ ಒಣ ಬೇಸಾಯ ಮಾಡಿದವರು. ರಾತ್ರಿ ವಿಡಿಯೊ ಕಾಲ್‌ನಲ್ಲಿ ಮೊದಲು ಕೇಳಿದ್ದೇ ಅದು: "ನೀರಿನ ಪಾಯಿಂಟ್ ನೋಡ್ಸಿದ್ರೇನವ್ವಾ?" ಇಲ್ಲಿ ಹಾಗೆಲ್ಲ ಇಲ್ಲಪ್ಪ, ಪರ್ಮಿಟ್ ತಗೊಂಡ್ರೆ ಆಯ್ತು ಅಂದೆ.

ಪರ್ಮಿಟ್ ವಿಷಯ ವಿಚಾರಿಸಿದ್ದು ಆ ಮೇಲೆ. ಕೊಲರಾಡೊದಲ್ಲಿ ಜಮೀನು ನಿಮ್ಮದಾದರೆ ಕೆಳಗಿನ ನೀರು ನಿಮ್ಮದಾಗುವುದಿಲ್ಲ. ಯಾರು ಮೊದಲು ಬಳಸಲು ಶುರು ಮಾಡಿದರೋ ಅವರಿಗೆ ಮೊದಲ ಹಕ್ಕು. ಆ ಕಣಿವೆಯ ನೀರನ್ನು ಎಂದೋ ಹಂಚಿ ಮುಗಿಸಿದ್ದಾರೆ. ರಿಯೊ ಗ್ರಾಂಡೆ ನದಿಗೆ ಕೊಲರಾಡೊ, ನ್ಯೂ ಮೆಕ್ಸಿಕೊ, ಟೆಕ್ಸಸ್ ನಡುವೆ 1938ರ ಒಪ್ಪಂದವೂ ಇದೆ. ಕಾವೇರಿ ಗಲಾಟೆ ನೋಡುತ್ತಾ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಇಂಥ ಕಡೆ 35 ಎಕರೆಗಿಂತ ಕಡಿಮೆ ಜಾಗಕ್ಕೆ ಸಾಮಾನ್ಯವಾಗಿ ಸಿಗುವುದು ಮನೆಯೊಳಗಿನ ಬಳಕೆಯ ಬಾವಿ ಪರ್ಮಿಟ್ ಮಾತ್ರ. ಕುಡಿಯಬಹುದು, ಸ್ನಾನ ಮಾಡಬಹುದು, ಪಾತ್ರೆ ತೊಳೆಯಬಹುದು. ಆದರೆ ಹೊರಗಿನ ಒಂದು ಗಿಡಕ್ಕೂ ಆ ನೀರು ಹಾಕುವ ಹಾಗಿಲ್ಲ. ಕೋಳಿ, ಕುರಿಗೂ ಇಲ್ಲ.

ಮಳೆನೀರು ಹಿಡಿಯೋಣ ಅಂದರೆ ಅದಕ್ಕೂ ಮಿತಿ. 2016ರ ಕಾನೂನಿನ ಪ್ರಕಾರ ಒಂದು ಮನೆಗೆ ಎರಡೇ ಡ್ರಮ್, ಎರಡೂ ಸೇರಿ 110 ಗ್ಯಾಲನ್, ಹತ್ತಿರ ಹತ್ತಿರ 416 ಲೀಟರ್. ವರ್ಷವಿಡೀ ಮಳೆ, ಹಿಮ ಸೇರಿ ಬೀಳುವುದೇ ಏಳೆಂಟು ಇಂಚು. ಬರದ ಸೀಮೆ ಅನ್ನುವ ನಮ್ಮ ಹಿರಿಯೂರಿನಲ್ಲಿ ಇದರ ಎರಡು ಪಟ್ಟಿಗೂ ಜಾಸ್ತಿ ಬೀಳುತ್ತದೆ. ಬಾವಿ ಕೊರೆಯುವವರು ಹೇಳಿದ ರೇಟು ಜಮೀನಿನ ಬೆಲೆಯ ನಾಲ್ಕು ಪಟ್ಟು. ಸೆಪ್ಟಿಕ್ ಟ್ಯಾಂಕ್ ಪರ್ಮಿಟ್, ಅದರ ಖರ್ಚು ಬೇರೆ.

ಆದರೂ ಹಟ ಬಿಡದೆ ನೀರು ಹೊತ್ತೆವು. ಐದು ಗ್ಯಾಲನ್ ಕ್ಯಾನ್ ತುಂಬಿದರೆ ಒಂದೊಂದೂ 19 ಕಿಲೊ. ಹನ್ನೆರಡು ಕ್ಯಾನ್ ಕಾರಿಗೆ ಹೇರಿಕೊಂಡು ಇಪ್ಪತ್ತೈದು ಮೈಲಿ ಮಣ್ಣುರಸ್ತೆ, ಟಾರು ರಸ್ತೆ ಓಡಿಸಿ ಹುರುಳಿಕಾಯಿ, ಮೆಂತ್ಯ, ಕುಂಬಳಕ್ಕೆ ಹಾಕಿದೆವು. ಜಾಗ ಇರುವುದು ಎಂಟು ಸಾವಿರ ಅಡಿ ಎತ್ತರದಲ್ಲಿ. ಸೆಪ್ಟೆಂಬರ್ ಮೊದಲ ವಾರ ಒಂದು ರಾತ್ರಿ ಹಿಮಗಟ್ಟಿತು. ಬೆಳಿಗ್ಗೆ ನೋಡಿದರೆ ಕುಂಬಳದ ಬಳ್ಳಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ನೆಲಕ್ಕೆ ಅಂಟಿಕೊಂಡಿತ್ತು. ಮಗಳು ಒಂದು ಹೀಚು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡು ಸುಮ್ನೆ ನಿಂತಿದ್ದಳು.

ಚಳಿಗಾಲ ಹೇಗಿರುತ್ತದೆ ನೋಡೋಣ ಅಂತ ಜನವರಿಯಲ್ಲಿ ಹೋದೆವು. ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಅದು. ನಮ್ಮ ಬಡಾವಣೆಯ ರಸ್ತೆಗೆ ಹಿಮ ತೆಗೆಯುವ ಗಾಡಿ ಬರುವುದಿಲ್ಲ ಅಂತ ಗೊತ್ತಾದದ್ದು ಕಾರು ಹೂತುಕೊಂಡ ಮೇಲೆ. ಫೋನಿಗೆ ಸಿಗ್ನಲ್ ಇಲ್ಲ. ಆ ಕಣಿವೆಯಲ್ಲಿ ಜನವರಿ ರಾತ್ರಿಗಳಲ್ಲಿ ಸೊನ್ನೆಗಿಂತ 18, 20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಹಿಂದಿನ ಸಲ ಬಿಟ್ಟು ಬಂದಿದ್ದ ನೀರಿನ ಕ್ಯಾನ್ ಕಲ್ಲಾಗಿ ಸೀಳಿಹೋಗಿತ್ತು. ಎರಡು ಗಂಟೆ ಕಾದ ಮೇಲೆ ಪಿಕಪ್‌ನಲ್ಲಿ ಒಬ್ಬ ಅಜ್ಜ ಬಂದರು. ಹಗ್ಗ ಕಟ್ಟಿ ಎಳೆದು, ಮನೆಗೆ ಕರೆದುಕೊಂಡು ಹೋಗಿ ಮಗಳಿಗೆ ಬಿಸಿ ಸೂಪ್ ಕೊಟ್ಟರು. ಅವರ ಉಪಕಾರ ಮರೆಯುವ ಹಾಗಿಲ್ಲ.

ಸ್ಯಾನ್ ಲೂಯಿಸ್ ಊರಿನ ಜನರ ಕಾಲುವೆಯ ಕತೆ ಹೇಳಿದ್ದು ಅವರೇ. ಅದರ ಹಕ್ಕು 1852ರದ್ದು, ಕೊಲರಾಡೊದಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಎಲ್ಲಕ್ಕಿಂತ ಹಳೆಯ ನೀರಿನ ಹಕ್ಕು. ಅಂದರೆ ಅದೇ ಕೌಂಟಿಯಲ್ಲಿ ತಲೆಮಾರುಗಳಿಂದ ಬೇಸಾಯ ನಡೆಯುತ್ತಿದೆ, ಕಾಲುವೆಯ ಪಾಲು ಇದ್ದವರ ಹೊಲದಲ್ಲಿ. ನಮ್ಮ ಪಟ್ಟಿಯ ದೊಡ್ಡ ತಪ್ಪು ಇಲ್ಲೇ ಇದೆ. ಕೌಂಟಿಗೆ ಅಂಕ ಕೊಟ್ಟೆವು, ಕೊಳ್ಳುವ ತುಂಡಿನ ನೀರು ವಿಚಾರಿಸಲಿಲ್ಲ. ಬಿಸಿಲಿಗೆ ಹತ್ತು, ತೆರಿಗೆಗೆ ಒಂಬತ್ತು ಬಂದರೆ ನೀರಿನ ಕೊರತೆ ತುಂಬಿಹೋಗುತ್ತದಾ? ನೀರಿಲ್ಲ ಅಂದ ತಕ್ಷಣ ಆ ಸಾಲನ್ನೇ ಅಳಿಸಬೇಕಿತ್ತು.

ಇನ್ನೊಂದು ವಿಷಯ. ಬೆಂಕಿಗೆ ಹೆದರಿ ಜಾಗ ಹುಡುಕಿದ ನಾವು ಲಾ ವೀಟಾ ಪಾಸ್ ಎಂಬ ಘಟ್ಟ ದಾಟುವಾಗ ರಸ್ತೆ ಪಕ್ಕದ ಸುಟ್ಟ ಮರಗಳನ್ನು ನೋಡಿಯೂ ಏನು ಅಂತ ಕೇಳಲಿಲ್ಲ. 2018ರ ಸ್ಪ್ರಿಂಗ್ ಫೈರ್ ಎಂಬ ಕಾಳ್ಗಿಚ್ಚು ಅಲ್ಲಿ ಒಂದು ಲಕ್ಷ ಎಕರೆಗಿಂತ ಜಾಸ್ತಿ ಸುಟ್ಟಿತ್ತು. ಡೆನ್ವರ್ ಕಡೆಯಿಂದ ನಾವು ಹೋಗುವ ಆ ಹೆದ್ದಾರಿಯನ್ನೇ ಮುಚ್ಚಿದ್ದರು. ತುರ್ತು ಅಂತ ಓಡಿ ಹೋಗುವ ದಿನ ದಾರಿಯೇ ಇಲ್ಲದಿದ್ದರೆ ಆ ಜಾಗದಿಂದ ಏನು ಉಪಯೋಗ? ದೊಡ್ಡ ಆಸ್ಪತ್ರೆ ಇರುವುದು ಅಲಮೋಸಾದಲ್ಲಿ. ನಮ್ಮ ಜಾಗದಿಂದ ಅಲ್ಲಿಗೆ ಒಣ ರಸ್ತೆಯಲ್ಲೇ ಮುಕ್ಕಾಲು ಗಂಟೆ ಬೇಕು.

ನೀವು ನೋಡುತ್ತಿರುವ ಜಾಗದ ಪಾರ್ಸೆಲ್ ನಂಬರ್ (ನಮ್ಮ ಸರ್ವೆ ನಂಬರ್ ಇದ್ದ ಹಾಗೆ) ಮೊದಲು ಇಸ್ಕೊಳ್ಳಿ. ರಾಜ್ಯದ ಜಲ ಸಂಪನ್ಮೂಲ ವಿಭಾಗಕ್ಕೆ ಫೋನ್ ಮಾಡಿ, ಈ ತುಂಡಿಗೆ ಯಾವ ಬಳಕೆಯ ಬಾವಿ ಸಿಗುತ್ತದೆ ಅಂತ ಕೇಳಿ. ಅಕ್ಕಪಕ್ಕದ ಬಾವಿಗಳ ಆಳವೂ ದಾಖಲೆಯಲ್ಲಿ ಸಿಗುತ್ತದೆ. ಆಮೇಲೆ ಜನವರಿಯಲ್ಲಿ ಹೋಗಿ ಎರಡು ರಾತ್ರಿ ಕಳೆಯಿರಿ. ಅಲ್ಲಿ ವರ್ಷವಿಡೀ ಇರುವ ಒಬ್ಬರನ್ನಾದರೂ ಮಾತಾಡಿಸಿ.

ನಮ್ಮ ಐದು ಎಕರೆ ಈಗ ಮಾರಾಟಕ್ಕಿದೆ. ಫೋನ್ ಮಾಡಿದವರಿಗೆ ಬೆಲೆಗಿಂತ ಮೊದಲು ಬಾವಿಯ ವಿಷಯ ಹೇಳುತ್ತೇವೆ. ಇಲ್ಲಿಯವರೆಗೆ ಏಳು ಜನ ಫೋನ್ ಮಾಡಿದ್ದಾರೆ. ಯಾರೂ ಎರಡನೇ ಸಲ ಮಾಡಿಲ್ಲ.